ಅಂಡಾಶಯದ ಗುಳ್ಳೆಗಳೂ ತಾಯ್ತನದ ಹಂಬಲವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿದೊಡನೆ ದೊಡ್ಡಮಳೂರು ಎಂಬ ಊರು ಸಿಗುವುದು. ಅಲ್ಲಿನ ಅಪ್ರಮೇಯಸ್ವಾಮಿಯ ದೇವಸ್ಥಾನದಲ್ಲಿ ಅಂಬೆಗಾಲಿಕ್ಕಿದ ಕೃಷ್ಣನ ಸನ್ನಿಧಿಯೊಂದುಂಟು. ಮಕ್ಕಳಿಲ್ಲದ ದಂಪತಿಗಳು ಅಲ್ಲಿಗೆ ಬಂದು ಪುಟ್ಟ ತೊಟ್ಟಿಲನ್ನು ಹರಕೆಯಾಗಿ ಒಪ್ಪಿಸುವರು. ಮದ್ದೂರು, ಮಂಡ್ಯ, ಮಳವಳ್ಳಿಗಳ ಜನಕ್ಕೆ ಅದೇನೂ ದೂರದ ಸ್ಥಳವಲ್ಲ. ಈ ಸೀಮೆಯ ಅರಳಿಕಟ್ಟೆಗಳ ಮೇಲಿರುವ ನಾಗರಕಲ್ಲುಗಳಲ್ಲಿಯೂ ಇದೇ ಹಂಬಲದಿಂದ ಪ್ರತಿಷ್ಠೆಯಾದವು ಎಷ್ಟೋ ಇವೆ. ಹರಕೆ, ಪ್ರದಕ್ಷಿಣೆಗಳು ಅವರವರ ನಂಬಿಕೆಗೆ ಸೇರಿದ ವಿಷಯ. ಅದರಲ್ಲಿ ನಾವು ಕೈಯಿಡುವುದಿಲ್ಲ. ಆದರೆ ಹೀಗೆ ಹರಕೆ ಹೊರುವ ಹೆಣ್ಣುಮಗಳ ಕೈಚೀಲದಲ್ಲಿ ಇಂದು ಒಂದು ಸ್ಕ್ಯಾನ್ ವರದಿಯೂ ಇರುವುದುಂಟು. ಅದರಲ್ಲಿ ಬರೆದುದನ್ನು ಯಾರೋ ಅವಳಿಗೆ ಒಂದೇ ಮಾತಿನಲ್ಲಿ ಹೇಳಿರುತ್ತಾರೆ: “ಅಂಡಾಶಯದಲ್ಲಿ ಗುಳ್ಳೆಯಿದೆ.” ಮನೆಯವರ ಕಿವಿಗೆ ಅದು “ಗೆಡ್ಡೆಯಿದೆ” ಎಂದು ಬೀಳುವುದು, ಊರವರ ಬಾಯಿಗೆ ಬರುವ ಹೊತ್ತಿಗೆ “ಅವಳಿಗೆ ಮಕ್ಕಳಾಗುವುದಿಲ್ಲವಂತೆ” ಎಂದಾಗುವುದು.

ವರದಿಗೂ ಈ ತೀರ್ಪಿಗೂ ನಡುವೆ ಬಹಳ ಅಂತರವಿದೆ. ಗುಳ್ಳೆ ಎಂಬ ಒಂದೇ ಹೆಸರಿನ ಕೆಳಗೆ ಪರಸ್ಪರ ಸಂಬಂಧವೇ ಇಲ್ಲದ ಹಲವು ಸಂಗತಿಗಳು ಅಡಗಿವೆ. ಒಂದು ತಾನಾಗಿಯೇ ಮಾಯವಾಗುವುದು. ಇನ್ನೊಂದು ಗುಳ್ಳೆಯೇ ಅಲ್ಲ. ಮತ್ತೊಂದು ನಿಜವಾಗಿಯೂ ಕಾಡುವ ರೋಗದ ಗುರುತು. ಯಾವುದೆಂದು ತಿಳಿಯದೆ ಗರ್ಭಧಾರಣೆಯ ಮಾತನ್ನಾಡುವುದು, ಸಸಿಯ ಎಲೆ ಹಳದಿಯಾಯಿತೆಂದು ಕಾರಣ ಕೇಳದೆ ಗದ್ದೆಯನ್ನೇ ಉತ್ತುಬಿಡುವಂತೆ. ಆದುದರಿಂದ ಮೊದಲು ಅಂಡಾಶಯದ ಕೆಲಸವನ್ನು ನೋಡೋಣ.

ಗರ್ಭಕೋಶದ ಎರಡು ಪಕ್ಕಗಳಲ್ಲಿ ಬಾದಾಮಿಯ ಆಕಾರದ ಎರಡು ಅಂಡಾಶಯಗಳಿವೆ. ಹೆಣ್ಣುಮಗು ಹುಟ್ಟುವಾಗಲೇ ಅವುಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಅವಳು ಮೈನೆರೆಯುವ ಹೊತ್ತಿಗೆ 3-4 ಲಕ್ಷ ಮಾತ್ರ ಉಳಿಯುವುವು. ಹೊಸದಾಗಿ ಒಂದೂ ಸೇರುವುದಿಲ್ಲ. ಒಂದೊಂದು ಅಂಡಾಣುವೂ ಅಂಡಕೋಶಕವೆಂಬ ಸೂಕ್ಷ್ಮವಾದ ಚೀಲದಲ್ಲಿ ಹುದುಗಿರುವುದು. ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಿಂದ ಬರುವ ಹಾರ್ಮೋನುಗಳ ಪ್ರೇರಣೆಯಿಂದ ಪ್ರತಿ ತಿಂಗಳೂ ಕೆಲವು ಕೋಶಕಗಳು ಬೆಳೆಯತೊಡಗಿ, ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಹೋಗಿ ಸುಮಾರು 2 ಸೆಂಟಿಮೀಟರಿನಷ್ಟು ಅಗಲವಾಗುವುದು. ಅದರೊಳಗೆ ತುಂಬಿರುವುದು ನೀರಿನಂಥ ದ್ರವ. ಅಂದರೆ ಆರೋಗ್ಯವಂತಳಾದ ಪ್ರತಿ ತರುಣಿಯ ಅಂಡಾಶಯದಲ್ಲಿಯೂ ತಿಂಗಳಿಗೊಮ್ಮೆ ಒಂದು ನೀರುಗುಳ್ಳೆ ಏಳಲೇಬೇಕು! ಅದು ಒಡೆದಾಗ ಅಂಡಾಣು ಹೊರಬಿದ್ದು, ಪಕ್ಕದಲ್ಲಿ ಬೆರಳುಗಳಂತೆ ಚಾಚಿಕೊಂಡಿರುವ ಅಂಡನಾಳದ ಬಾಯನ್ನು ಸೇರುವುದು. ವೀರ್ಯಾಣುವಿನೊಡನೆ ಅದು ಕೂಡುವುದು ಆ ನಾಳದಲ್ಲಿಯೇ.

ಕೆಲವು ತಿಂಗಳು ಕೋಶಕವು ಒಡೆಯದೆ ಹಾಗೆಯೇ ಉಬ್ಬಿಕೊಂಡಿರಬಹುದು. ಅಥವಾ ಒಡೆದ ಮೇಲೆ ಉಳಿದ ಭಾಗದಲ್ಲಿ ದ್ರವ ತುಂಬಬಹುದು. ಸ್ಕ್ಯಾನ್‌ನಲ್ಲಿ ಕಂಡು ಮನೆಯವರನ್ನು ಹೆದರಿಸುವ ಗುಳ್ಳೆಗಳಲ್ಲಿ ಹೆಚ್ಚಿನವು ಇಂಥವೇ. ತೆಳುವಾದ ಗೋಡೆಯುಳ್ಳ, ಒಳಗೆ ತಿಳಿನೀರಿರುವ, 5 ಸೆಂಟಿಮೀಟರಿಗಿಂತ ಚಿಕ್ಕದಾದ ಗುಳ್ಳೆ ಎರಡು ಮೂರು ಮುಟ್ಟುಗಳೊಳಗೆ ಸಾಮಾನ್ಯವಾಗಿ ತಾನೇ ಇಂಗಿಹೋಗುವುದು. ಕಾದು ನೋಡುವುದೇ ಚಿಕಿತ್ಸೆ. ಇದಲ್ಲದೆ ಹುಟ್ಟುಕಣಗಳಿಂದ ಬೆಳೆದು ಒಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲುಗಳನ್ನೂ ತುಂಬಿಕೊಂಡಿರುವ ಡರ್ಮಾಯ್ಡ್ ಎಂಬ ವಿಚಿತ್ರವಾದ ಗುಳ್ಳೆಯೂ ಉಂಟು. ಹಳ್ಳಿಗಳಲ್ಲಿ ಇದನ್ನು ಮಾಟವೆಂದು ಭಾವಿಸಿದರೆ ಆಶ್ಚರ್ಯವಿಲ್ಲ; ಆದರೆ ಮಾಟಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಯಾವ ಗುಳ್ಳೆಯೇ ಆಗಲಿ, ದೊಡ್ಡದಾದಾಗ ಅಂಡಾಶಯವು ತನ್ನ ತೊಟ್ಟಿನ ಮೇಲೆ ತಿರುಚಿಕೊಳ್ಳುವ ಅಪಾಯವಿದೆ. ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಹಠಾತ್ತಾಗಿ ತೀವ್ರವಾದ ನೋವೆದ್ದು ವಾಂತಿಯಾದರೆ ಗಂಟೆಗಳನ್ನು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ತಡವಾದರೆ ರಕ್ತದ ಹರಿವು ನಿಂತು ಅಂಡಾಶಯವೇ ನಾಶವಾಗುವುದು.

ಇನ್ನು ಗುಳ್ಳೆಯೇ ಅಲ್ಲದ ಗುಳ್ಳೆಗಳು. 1935ರಲ್ಲಿ ಅಮೆರಿಕದ ಶಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರ ವಿವರಗಳನ್ನು ಪ್ರಕಟಿಸಿದರು. ಅವರ ಮುಟ್ಟು ತಪ್ಪಿಹೋಗಿತ್ತು, ಅಂಡಾಶಯಗಳಲ್ಲಿ ಚಿಕ್ಕ ಚಿಕ್ಕ ಗುಳ್ಳೆಗಳು ಕಿಕ್ಕಿರಿದಿದ್ದುವು. ಇಂದು ಪಿಸಿಒಎಸ್ ಎಂಬ ಮೂರು ನಾಲ್ಕು ಅಕ್ಷರಗಳ ಹೆಸರಿನಿಂದ ಕಾಲೇಜು ವಿದ್ಯಾರ್ಥಿನಿಯರಿಗೆಲ್ಲ ಪರಿಚಿತವಾಗಿರುವ ತೊಂದರೆ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 8ರಿಂದ 13 ಮಂದಿಗೆ ಇದಿರುವುದು. ಅಲ್ಲಿ ಕಾಣುವ ‘ಗುಳ್ಳೆ’ಗಳು 2ರಿಂದ 9 ಮಿಲಿಮೀಟರ್ ಅಗಲದ ಕೋಶಕಗಳು, ಬೆಳೆಯಲು ಹೊರಟು ನಡುದಾರಿಯಲ್ಲಿ ನಿಂತವು. ಇನ್ಸುಲಿನ್ನಿನ ಕೆಲಸದಲ್ಲಿ ಏರುಪೇರಾಗಿ, ಗಂಡು ಹಾರ್ಮೋನುಗಳು ಅಗತ್ಯಕ್ಕಿಂತ ಹೆಚ್ಚಿ, ಅಂಡಾಣು ಹೊರಬೀಳುವ ಕ್ರಿಯೆ ತಿಂಗಳುಗಟ್ಟಲೆ ನಡೆಯುವುದಿಲ್ಲ. ಬೀಜವೇ ಹೊರಬರದಿದ್ದರೆ ಗರ್ಭ ನಿಲ್ಲುವುದೆಲ್ಲಿಂದ?

ಆದರೂ ಬಂಜೆತನದ ಕಾರಣಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಇದೇ. ಮೈತೂಕ ಹೆಚ್ಚಾಗಿರುವವರು ಅದರಲ್ಲಿ ನೂರಕ್ಕೆ ಐದು ಪಾಲನ್ನು ಇಳಿಸಿದರೂ ಹಲವರಿಗೆ ಮುಟ್ಟು ಹಾದಿಗೆ ಬರುವುದು. (ತೆಳ್ಳಗಿರುವವರಿಗೂ ಈ ತೊಂದರೆ ಉಂಟು. “ತಿಂದು ತಿಂದು ಹೀಗಾಯಿತು” ಎಂಬ ಮಾತು ವಿಜ್ಞಾನವಲ್ಲ, ಕುಹಕ.) ಅಂಡಾಣುವನ್ನು ಹೊರತರಲು ಲೆಟ್ರೊಜೋಲ್ ಎಂಬ ಮಾತ್ರೆಯನ್ನು ಮುಟ್ಟಿನ ಮೊದಲ ದಿನಗಳಲ್ಲಿ ಐದು ದಿನ ವೈದ್ಯರು ಕೊಡುವರು. ಹಿಂದೆ ಬಳಕೆಯಲ್ಲಿದ್ದ ಕ್ಲೊಮಿಫೀನ್ ಮಾತ್ರೆಗಿಂತ ಇದು ಮೇಲೆಂದು 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ ಸಿದ್ಧವಾಯಿತು: ಲೆಟ್ರೊಜೋಲ್ ಪಡೆದವರಲ್ಲಿ ನೂರಕ್ಕೆ 27.5 ಮಂದಿಗೆ, ಕ್ಲೊಮಿಫೀನ್ ಪಡೆದವರಲ್ಲಿ 19.1 ಮಂದಿಗೆ ಜೀವಂತ ಶಿಶುಗಳು ಜನಿಸಿದವು. ಪ್ರೌಢಶಾಲೆಯ ಹುಡುಗಿಯರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಮೈನೆರೆದ ಮೊದಲ ವರ್ಷಗಳಲ್ಲಿ ಮುಟ್ಟು ಹಿಂದುಮುಂದಾಗುವುದೂ, ಅಂಡಾಶಯದಲ್ಲಿ ಬಹಳ ಕೋಶಕಗಳು ಕಾಣುವುದೂ ಸಹಜವೇ. ಆದುದರಿಂದ ಮೈನೆರೆದು ಎಂಟು ವರ್ಷಗಳಾಗುವವರೆಗೆ ಸ್ಕ್ಯಾನ್ ಚಿತ್ರವನ್ನು ನೋಡಿ ಈ ರೋಗವನ್ನು ನಿರ್ಧರಿಸಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸ್ಪಷ್ಟವಾಗಿ ಹೇಳಿದೆ.

ಈಗ ಕಾಡುವ ಗುಳ್ಳೆಗೆ ಬರೋಣ. ಇದರ ಹಿಂದಿರುವ ರೋಗದ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೋಡೆಗೆ ಮೆತ್ತನೆಯ ಒಳಪೊರೆಯೊಂದಿದೆ. ಗರ್ಭ ನಿಂತರೆ ಅದಕ್ಕೆ ಹಾಸಿಗೆಯಾಗಲು ಅದು ತಿಂಗಳು ತಿಂಗಳೂ ದಪ್ಪವಾಗುವುದು. ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಹೋಗುವುದು. ಈ ಒಳಪೊರೆಯನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಗರ್ಭಕೋಶದ ಹಿಂದಿನ ಸಂದಿಯಲ್ಲಿ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ ಬೇರೂರುವುದೇ ಎಂಡೊಮೆಟ್ರಿಯೋಸಿಸ್. ಅದೂ ಹಾರ್ಮೋನುಗಳ ಮಾತನ್ನು ಕೇಳುವುದು. ದಪ್ಪವಾಗುವುದು, ರಕ್ತ ಸುರಿಸುವುದು. ಆದರೆ ಆ ರಕ್ತಕ್ಕೆ ಹೊರದಾರಿಯಿಲ್ಲ. ಅಂಡಾಶಯದೊಳಗೆ ಹೀಗೆ ತಿಂಗಳುಗಟ್ಟಲೆ ಕೂಡಿಟ್ಟ ಹಳೆಯ ರಕ್ತವು ಕಂದುಬಣ್ಣದ ಮಂದವಾದ ದ್ರವವಾಗಿ ಚೀಲದಂತೆ ಉಬ್ಬುವುದು. 1921ರಲ್ಲಿ ಇಂಥ ಗುಳ್ಳೆಗಳನ್ನು ವಿವರವಾಗಿ ವರ್ಣಿಸಿದ ಅಮೆರಿಕದ ಜಾನ್ ಸ್ಯಾಂಪ್ಸನ್ ಎಂಬ ಶಸ್ತ್ರವೈದ್ಯರು ಅವುಗಳನ್ನು ಚಾಕೊಲೇಟ್ ಗುಳ್ಳೆಗಳೆಂದರು. ಇಂದಿಗೂ ವರದಿಗಳಲ್ಲಿ ಆ ಹೆಸರೇ ಬರುವುದು. ಮಂಡ್ಯದ ಆಲೆಮನೆಗಳನ್ನು ಕಂಡವರು ಹೆಸರಿಟ್ಟಿದ್ದರೆ ಜೋನಿಬೆಲ್ಲದ ಗುಳ್ಳೆ ಎನ್ನುತ್ತಿದ್ದರೇನೋ. ಬಣ್ಣ, ಅಂಟು ಎರಡೂ ಹಾಗೆಯೇ.

ಒಳಪೊರೆ ಹೊರಗೆ ಹೋದದ್ದು ಹೇಗೆ? ಮುಟ್ಟಿನ ರಕ್ತದ ಸ್ವಲ್ಪ ಭಾಗವು ಅಂಡನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುವುದೆಂದೂ, ಅದರೊಡನೆ ಹೋದ ಒಳಪೊರೆಯ ಚೂರುಗಳು ಅಲ್ಲಿ ನಾಟಿಕೊಳ್ಳುವುವೆಂದೂ ಸ್ಯಾಂಪ್ಸನ್ 1927ರಲ್ಲಿ ವಾದಿಸಿದರು. ಕಣದಿಂದ ಹೊರಗೆ ಚೆಲ್ಲಿದ ಭತ್ತವು ಮಳೆ ಬಿದ್ದೊಡನೆ ಬಿದ್ದಲ್ಲಿಯೇ ಮೊಳೆಯುವಂತೆ. ಆದರೆ ಇಂಥ ಹಿಮ್ಮುಖ ಹರಿವು ಹೆಚ್ಚುಕಡಿಮೆ ಎಲ್ಲ ಸ್ತ್ರೀಯರಲ್ಲಿಯೂ ಇದೆಯೆಂದು ಮುಂದೆ ಗೊತ್ತಾಯಿತು. ರೋಗ ಬರುವುದು ಹತ್ತರಲ್ಲಿ ಒಬ್ಬಳಿಗೆ. ಉಳಿದ ಒಂಬತ್ತು ಮಂದಿಯಲ್ಲಿ ಚೆಲ್ಲಿದ ಕಾಳನ್ನು ಕೋಳಿ ಇರುವೆಗಳು ಎತ್ತಿಕೊಂಡು ಹೋಗುವಂತೆ ದೇಹದ ರಕ್ಷಣಾಕಣಗಳು ಚೂರುಗಳನ್ನು ತೆರವು ಮಾಡುತ್ತಿರಬೇಕು. ತಾಯಿಗೋ ಅಕ್ಕತಂಗಿಯರಿಗೋ ರೋಗವಿದ್ದರೆ ಅದು ಬರುವ ಸಂಭವ ಹೆಚ್ಚೆಂಬುದರಿಂದ ವಂಶದ ಪಾತ್ರವೂ ಇದೆಯೆಂದು ತಿಳಿಯಬಹುದು. ಮೂಲಕಾರಣದ ಚರ್ಚೆ ಇನ್ನೂ ಮುಗಿದಿಲ್ಲ. ಹುಳಿ ತಿಂದದ್ದು, ಭಾರ ಹೊತ್ತದ್ದು, ಗದ್ದೆಯಲ್ಲಿ ನಾಟಿ ಮಾಡಿದ್ದು ಕಾರಣವಲ್ಲವೆಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಈ ರೋಗವು ಗರ್ಭಧಾರಣೆಗೆ ಅಡ್ಡ ಬರುವ ಬಗೆ ಒಂದೆರಡಲ್ಲ. ಹೊರಗೆ ಬೇರೂರಿದ ಅಂಗಾಂಶದ ಸುತ್ತ ಉರಿಯೂತವೆದ್ದು ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುವು. ಆಗ ಅಂಡನಾಳದ ಬೆರಳುಗಳು ಅಂಡಾಣುವನ್ನು ಹಿಡಿಯಲಾರವು. ನಾಲೆಯಲ್ಲಿ ನೀರಿದ್ದೂ ತೂಬು ಹೂತುಹೋದರೆ ಗದ್ದೆಗೆ ಸೇರುವುದುಂಟೆ? ಗುಳ್ಳೆಯು ಅಂಡಾಶಯದ ಆರೋಗ್ಯವಾದ ಭಾಗವನ್ನು ತಿನ್ನುವುದು. ಉರಿಯೂತದ ರಸಗಳು ಅಂಡಾಣುವಿಗೂ ವೀರ್ಯಾಣುವಿಗೂ ಹಾನಿಮಾಡುವುವು. ದಾಂಪತ್ಯವೇ ನೋವಾಗಿಬಿಡುವ ಸ್ತ್ರೀಯರೂ ಇದ್ದಾರೆ. ಇದನ್ನು ಅವರು ಯಾರಲ್ಲಿಯೂ ಹೇಳಿಕೊಳ್ಳಲಾರರು. ಆರೋಗ್ಯವಂತರಾದ ಎಳೆಯ ದಂಪತಿಗಳಿಗೆ ಒಂದು ತಿಂಗಳಿನಲ್ಲಿ ಗರ್ಭ ನಿಲ್ಲುವ ಸಂಭವ ನೂರಕ್ಕೆ 20ರಿಂದ 25. ಎಂಡೊಮೆಟ್ರಿಯೋಸಿಸ್ ಇದ್ದು ಚಿಕಿತ್ಸೆ ಪಡೆಯದವರಲ್ಲಿ ಅದು 2ರಿಂದ 10ಕ್ಕೆ ಇಳಿಯುವುದು. ಈ ಅಂಕಿಗಳನ್ನು ಸರಿಯಾಗಿ ಓದಬೇಕು. ಸಂಭವ ಕುಗ್ಗುವುದು, ಬತ್ತುವುದಿಲ್ಲ. ಈ ರೋಗವುಳ್ಳವರಲ್ಲಿ ನೂರಕ್ಕೆ 30ರಿಂದ 50 ಮಂದಿಗೆ ಗರ್ಭ ನಿಲ್ಲುವುದು ಕಷ್ಟವಾಗುವುದೆಂದು ಎಣಿಕೆ. ಎಂದರೆ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಅಂಥ ತೊಡಕಿಲ್ಲದೆಯೇ ತಾಯಂದಿರಾಗುವರು.

ಅತ್ಯಂತ ದುಬಾರಿಯಾದದ್ದು ಇಲ್ಲಿ ಕಾಲ. ರೋಗದ ಮೊದಲ ಗುರುತು ಮುಟ್ಟಿನ ನೋವು. ಅದು ಶುರುವಾಗುವುದು ಬಹುಮಟ್ಟಿಗೆ ಹೈಸ್ಕೂಲಿನ ವಯಸ್ಸಿನಲ್ಲಿ. ರೋಗವೆಂದು ಗೊತ್ತಾಗುವುದು 4ರಿಂದ 12 ವರ್ಷಗಳ ಅನಂತರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಈ ನಡುವಿನ ವರ್ಷಗಳಲ್ಲಿ ಏನಾಗುವುದೆಂಬುದನ್ನು ನಮ್ಮ ಮನೆಗಳಲ್ಲಿಯೇ ಕಾಣಬಹುದು. ಹುಡುಗಿ ತಿಂಗಳಿಗೆ ಎರಡು ದಿನ ಶಾಲೆ ಬಿಟ್ಟು ಮುದುಡಿ ಮಲಗುವಳು. “ಹೆಣ್ಣು ಜನ್ಮವೇ ಹೀಗೆ, ನಾವೆಲ್ಲ ತಡೆದುಕೊಳ್ಳಲಿಲ್ಲವೆ?” ಎನ್ನುವರು ಅಜ್ಜಿ. “ಮದುವೆಯಾದರೆ ಸರಿಹೋಗುವುದು” ಎನ್ನುವರು ನೆರೆಯವರು. ಮದುವೆಯಾದ ಮೇಲೆ “ಒಂದು ಹೆರಿಗೆಯಾದರೆ ಸರಿಹೋಗುವುದು” ಎಂಬ ಮಾತು. ಹೆರಿಗೆಯೇ ಆಗದಿದ್ದಾಗ ಬೇರೆ ಮಾತುಗಳು ಏಳುವುವು. ಬಸಿರಿನಲ್ಲಿ ಮುಟ್ಟು ನಿಲ್ಲುವುದರಿಂದ ನೋವು ತಗ್ಗಬಹುದು, ನಿಜ. ಆದರೆ ಬಸಿರು ಈ ರೋಗಕ್ಕೆ ಔಷಧವಲ್ಲ. ಔಷಧವೆಂದು ಹೇಳಿ ಎಳೆಯ ಹುಡುಗಿಗೆ ಮದುವೆ ಮಾಡುವುದು ಕ್ರೌರ್ಯವೆಂದೇ ನಮ್ಮ ಅಭಿಪ್ರಾಯ. ಮುಟ್ಟಿನ ಮೊದಲ ದಿನ ಹೊಟ್ಟೆ ಹಿಂಡಿ, ಒಂದು ಮಾತ್ರೆಗೋ ಬಿಸಿನೀರಿನ ಶಾಖಕ್ಕೋ ತಗ್ಗಿದರೆ ಅದು ಸಾಧಾರಣವಾದ ನೋವು. ಮಾತ್ರೆಗೂ ಬಗ್ಗದೆ ಪಾಠ ತಪ್ಪಿಸುವ, ವರ್ಷದಿಂದ ವರ್ಷಕ್ಕೆ ಹೆಚ್ಚುವ, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಹೋದಾಗಲೂ ಚುಚ್ಚುವ ನೋವನ್ನು ವೈದ್ಯರಿಗೆ ಹೇಳಲೇಬೇಕು.

ಹಿಂದೆ ಈ ರೋಗವನ್ನು ಖಚಿತಪಡಿಸಲು ಹೊಟ್ಟೆಗೆ ರಂಧ್ರ ಮಾಡಿ ದುರ್ಬೀನನ್ನು ತೂರಿಸಿ ನೋಡಬೇಕಾಗಿತ್ತು. ಅದು ಎಲ್ಲರಿಗೂ ಅನಿವಾರ್ಯವಲ್ಲವೆಂದು 2022ರಲ್ಲಿ ಐರೋಪ್ಯ ತಜ್ಞರ ಸಂಘವು ಹೇಳಿತು. ಲಕ್ಷಣಗಳನ್ನು ಕೇಳಿ, ಪರೀಕ್ಷಿಸಿ, ಸ್ಕ್ಯಾನ್ ಮಾಡಿ ಚಿಕಿತ್ಸೆ ಆರಂಭಿಸಬಹುದು. ಆದರೆ ಸ್ಕ್ಯಾನ್‌ನಲ್ಲಿ ಚಾಕೊಲೇಟ್ ಗುಳ್ಳೆ ಚೆನ್ನಾಗಿ ಕಾಣುವುದಾದರೂ ಹರಡಿರುವ ಸಣ್ಣ ಚುಕ್ಕೆಗಳು ಕಾಣದಿರಬಹುದು. ಏನೂ ಕಾಣಲಿಲ್ಲವೆಂದರೆ ಏನೂ ಇಲ್ಲವೆಂದಲ್ಲ.

ಸ್ಕ್ಯಾನ್ ಯಂತ್ರದ ಚರಿತ್ರೆಗೂ ಅಂಡಾಶಯದ ಗುಳ್ಳೆಗೂ ಹಳೆಯ ನಂಟು. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ವೈದ್ಯರು ಶ್ರವಣಾತೀತ ಧ್ವನಿಯಿಂದ ಹೊಟ್ಟೆಯ ಒಳಗನ್ನು ನೋಡುವ ವಿಧಾನವನ್ನು ತಮ್ಮ ಸಹೋದ್ಯೋಗಿಗಳೊಡನೆ 1958ರಲ್ಲಿ ಪ್ರಕಟಿಸಿದರು. ಶಸ್ತ್ರಕ್ರಿಯೆಗೆ ಮೀರಿದ ಕ್ಯಾನ್ಸರೆಂದು ಇತರರು ಕೈಬಿಟ್ಟಿದ್ದ ಒಬ್ಬ ಸ್ತ್ರೀಯ ಹೊಟ್ಟೆಯಲ್ಲಿದ್ದುದು ಅಂಡಾಶಯದ ದೊಡ್ಡ ಗುಳ್ಳೆಯೆಂದು ಆ ಯಂತ್ರ ತೋರಿಸಿತು. ಅದನ್ನು ತೆಗೆದುಹಾಕಲು ಸಾಧ್ಯವಾಯಿತು. ಅದೇ ಯಂತ್ರಕ್ಕೆ ಮಂಡ್ಯದಲ್ಲಿ ಬಂದ ಗತಿಯನ್ನು ನೆನೆದರೆ ತಲೆತಗ್ಗಿಸಬೇಕು. ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರವನ್ನಿಟ್ಟು ಭ್ರೂಣದ ಲಿಂಗವನ್ನು ಪತ್ತೆಮಾಡುತ್ತಿದ್ದ ಜಾಲವನ್ನು 2023ರ ಕೊನೆಯಲ್ಲಿ ಪೊಲೀಸರು ಬಯಲಿಗೆಳೆದರು. ಹೀಗೆ ಲಿಂಗವನ್ನು ಪತ್ತೆಮಾಡುವುದು 1994ರ ಕಾನೂನಿನಂತೆ ಅಪರಾಧ. ಆದರೆ ಆ ಕಾನೂನಿಗೆ ಹೆದರಿ ಸ್ಕ್ಯಾನ್ ಎಂದರೇ ದೂರ ಸರಿಯುವ ಅಗತ್ಯವಿಲ್ಲ. ನೋಂದಾಯಿತ ಕೇಂದ್ರದಲ್ಲಿ ಅಂಡಾಶಯವನ್ನು ಪರೀಕ್ಷಿಸಿಕೊಳ್ಳಲು, ಮದುವೆಯಾಗಲಿ ಆಗದಿರಲಿ, ಯಾವ ಅಡ್ಡಿಯೂ ಇಲ್ಲ.

ಚಿಕಿತ್ಸೆಯಲ್ಲಿ ಒಂದು ಸಂದಿಗ್ಧವಿದೆ; ಅದನ್ನು ರೋಗಿಗೆ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ. ನೋವನ್ನು ತಗ್ಗಿಸುವ ಹಾರ್ಮೋನ್ ಮಾತ್ರೆಗಳು ಅಂಡಾಣು ಹೊರಬೀಳುವುದನ್ನೇ ತಡೆಯುವುವು ಅಥವಾ ಗರ್ಭ ನಿಲ್ಲದಂತೆ ಮಾಡುವುವು. ಓದುತ್ತಿರುವ ಹುಡುಗಿಗೆ ಅವು ವರದಾನ. ಮಗು ಬೇಕೆನ್ನುವವಳಿಗೆ ಪ್ರಯೋಜನವಿಲ್ಲ. ಅವಳ ಮುಂದಿರುವುದು ಶಸ್ತ್ರಕ್ರಿಯೆ, ಇಲ್ಲವೆ ಕೃತಕ ಗರ್ಭಧಾರಣೆ. 1997ರಲ್ಲಿ ಪ್ರಕಟವಾದ ಕೆನಡಾ ದೇಶದ ಪರೀಕ್ಷೆಯಲ್ಲಿ ರೋಗವು ಅಷ್ಟಾಗಿ ಬಲಿಯದಿದ್ದ 341 ಸ್ತ್ರೀಯರನ್ನು ಆರಿಸಿಕೊಂಡು, ಅರ್ಧ ಮಂದಿಗೆ ದುರ್ಬೀನಿನ ಮೂಲಕ ಚುಕ್ಕೆಗಳನ್ನು ಸುಟ್ಟು ತೆಗೆದರು. ಉಳಿದವರಿಗೆ ಒಳಗನ್ನು ನೋಡಿ ಬಿಟ್ಟರು. 36 ವಾರಗಳಲ್ಲಿ ಮೊದಲಿನವರಲ್ಲಿ ನೂರಕ್ಕೆ 30.7, ಉಳಿದವರಲ್ಲಿ 17.7 ಮಂದಿ ಗರ್ಭಿಣಿಯರಾದರು. ಲಾಭವಿದೆ, ಪವಾಡವಿಲ್ಲ. ದೊಡ್ಡ ಚಾಕೊಲೇಟ್ ಗುಳ್ಳೆಯ ವಿಷಯದಲ್ಲಂತೂ ಆತುರ ಸಲ್ಲದು. ಗುಳ್ಳೆಯ ಸಿಪ್ಪೆಯನ್ನು ಸುಲಿಯುವಾಗ ಅದಕ್ಕೆ ಅಂಟಿದ ಒಳ್ಳೆಯ ಅಂಡಾಣುಗಳೂ ಹೋಗುವುವು. ಹೋದ ಅಂಡಾಣುಗಳು ಮತ್ತೆ ಬಾರವು. ಎರಡು ಅಂಡಾಶಯಗಳಲ್ಲಿಯೂ ಗುಳ್ಳೆಯಿದ್ದು ಪದೇ ಪದೇ ಶಸ್ತ್ರಕ್ರಿಯೆಯಾದವರ ಅಂಡಾಶಯವು ಬೇಗ ಬರಿದಾಗುವುದು. “ಗೆಡ್ಡೆಯನ್ನು ತೆಗೆಸಿಬಿಡಿ” ಎಂದು ಮನೆಯವರು ಒತ್ತಾಯಿಸುವ ಮುಂಚೆ, ತೆಗೆದರೆ ಎಷ್ಟು ಉಳಿಯುವುದೆಂದು ಕೇಳಬೇಕು.

ನಾಳದ ದಾರಿ ಮುಚ್ಚಿದವರಿಗೆ ಉಳಿದಿರುವುದು ಅಂಡಾಣುವನ್ನು ಹೊರತೆಗೆದು ಪ್ರಯೋಗಶಾಲೆಯಲ್ಲಿ ವೀರ್ಯಾಣುವಿನೊಡನೆ ಕೂಡಿಸುವ ಪ್ರನಾಳ ವಿಧಾನ. ಈ ವಿಧಾನದಿಂದ ಜನಿಸಿದ ಮೊದಲ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್. ಅವಳ ತಾಯಿಯ ಅಂಡನಾಳಗಳು ಮುಚ್ಚಿಹೋಗಿದ್ದುವು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು ಹುಟ್ಟಿತು. ನಮ್ಮ ದೇಶದವರೇ ಅದನ್ನು ನಂಬಲಿಲ್ಲ. ಅವರು 1981ರಲ್ಲಿ ತೀರಿಕೊಂಡರು. 1997ರಲ್ಲಿ ಡಾ. ಟಿ. ಸಿ. ಆನಂದಕುಮಾರ್ ಅವರ ಟಿಪ್ಪಣಿಗಳನ್ನು ಪರಿಶೀಲಿಸಿ, ಭಾರತದ ಮೊದಲಿಗರು ಅವರೇ ಎಂದು ಸಾರಿದರು. ಆ ಗೌರವ ಅದುವರೆಗೆ ಸ್ವತಃ ಆನಂದಕುಮಾರರ ತಂಡಕ್ಕೇ ಸಲ್ಲುತ್ತಿತ್ತೆಂಬುದನ್ನು ನೆನೆದರೆ ಈ ನಡತೆಯ ಬೆಲೆ ತಿಳಿಯುವುದು. ಇಂದು ಈ ಚಿಕಿತ್ಸೆಗೆ 2021ರ ಕಾನೂನಿನ ಕಟ್ಟುಪಾಡಿದೆ. ಕೇಂದ್ರಗಳು ನೋಂದಣಿ ಪಡೆದಿರಬೇಕು. ಮಂಡ್ಯದ ಕಡೆಯ ದಂಪತಿಗಳು ಇದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗುವುದು ವಾಡಿಕೆ. ಒಂದು ಪ್ರಯತ್ನಕ್ಕೆ ಲಕ್ಷ ರೂಪಾಯಿಗೂ ಮೀರಿ ಖರ್ಚಾಗುವುದು ಸಾಮಾನ್ಯ. ಮೊದಲ ಪ್ರಯತ್ನವೇ ಫಲಿಸುವುದೆಂಬ ಭರವಸೆಯಿಲ್ಲ. ಕಬ್ಬಿನ ಹಣವನ್ನು ನಂಬಿದ ಸಂಸಾರಕ್ಕೆ ಇದು ಹಗುರವಾದ ಮಾತಲ್ಲ.

ಅಷ್ಟು ದೂರ ಹೋಗುವ ಮುಂಚೆ ಮಾಡಬೇಕಾದ ಬಹಳ ಅಗ್ಗದ ಪರೀಕ್ಷೆಯೊಂದಿದೆ, ಅದು ಗಂಡನದು. ಗರ್ಭ ನಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕೊರತೆಯ ಪಾಲೂ ಇರುವುದು. ವೀರ್ಯ ಪರೀಕ್ಷೆಗೆ ಶಸ್ತ್ರವಿಲ್ಲ, ಸೂಜಿಯಿಲ್ಲ, ಒಂದೇ ದಿನದ ಕೆಲಸ. ಆದರೂ ಹೆಂಡತಿಗೆ ಮೂರು ಸ್ಕ್ಯಾನ್, ಒಂದು ಶಸ್ತ್ರಕ್ರಿಯೆ ಮುಗಿದ ಮೇಲೆ ಗಂಡನ ಸರದಿ ಬರುವುದನ್ನು ನಾವು ಕಾಣುತ್ತೇವೆ. ‘ಬಂಜೆ’ ಎಂಬ ಮಾತು ನಮ್ಮ ಬಳಕೆಯಲ್ಲಿ ಹೆಂಗಸಿಗೆ ಮಾತ್ರ ಮೀಸಲಾಗಿರುವುದು ಇದಕ್ಕೆ ಕಾರಣವಿರಬಹುದೆ?

ಹೆಂಡತಿಗೆ 35 ತುಂಬದಿದ್ದರೆ ಒಂದು ವರ್ಷ ಪ್ರಯತ್ನಿಸಿದ ಮೇಲೆ, 35 ದಾಟಿದ್ದರೆ ಆರು ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕೆಂಬುದು ನಿಯಮ. ಎಂಡೊಮೆಟ್ರಿಯೋಸಿಸ್ ಇದೆಯೆಂದು ಮೊದಲೇ ತಿಳಿದವರೂ, ಮುಟ್ಟು ತಿಂಗಳುಗಟ್ಟಲೆ ನಿಲ್ಲುವವರೂ, ಹಿಂದೆ ಕ್ಷಯರೋಗವಾದವರೂ ಅಷ್ಟು ಕಾಯಬಾರದು. ಕ್ಷಯವು ಸದ್ದಿಲ್ಲದೆ ಅಂಡನಾಳಗಳನ್ನು ಮುಚ್ಚುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಮದ್ದೂರು, ಮಳವಳ್ಳಿಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೂ, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯೂ ಇವೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ; ಮುಟ್ಟಿನ ನೋವಿನ ಮಾತನ್ನು ಅಲ್ಲಿ ಸಂಕೋಚವಿಲ್ಲದೆ ಆಡಬಹುದು. ಹೋಗುವ ಮುಂಚೆ ಮೂರು ತಿಂಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು: ಮುಟ್ಟು ಬಂದ ತಾರೀಖು, ಎಷ್ಟು ದಿನ ಇತ್ತು, ಯಾವ ಮಾತ್ರೆ ನುಂಗಿದ್ದು, ನೋವಿಗಾಗಿ ಶಾಲೆಯನ್ನೋ ಕೆಲಸವನ್ನೋ ಎಷ್ಟು ದಿನ ಬಿಟ್ಟದ್ದು. ಅನುಭವಿಯಾದ ವೈದ್ಯರು ಸ್ಕ್ಯಾನ್ ವರದಿಯನ್ನು ಬಿಚ್ಚುವ ಮುಂಚೆ ಕೇಳುವುದು ಇವನ್ನೇ.